ಹೊಸಬರು ಎದ್ದು ನಿಲ್ಲಬೇಕು

ಗುಬ್ಬಿಯ ನಮ್ಮ ಚರ್ಚಿನಲ್ಲಿ ಹೊಸಬರನ್ನು ವಿಚಾರಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ಯಾರೂ ವಹಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಆರಾಧನೆಗೆ ಮೊದಲೇ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಬರುತ್ತಿದ್ದವರು ಅದೇ ಒಂಬತ್ತು ಹತ್ತು ಮನೆಯವರು. ಕೆಮ್ಮು ಕೇಳಿಯೇ ಯಾರು ಬಂದರೆಂದು ಹೇಳಬಲ್ಲೆ. ಆದರೂ ನಿಲ್ಲುತ್ತಿದ್ದೆ. ಒಂದಲ್ಲ ಒಂದು ಭಾನುವಾರ ಯಾರಾದರೂ ಹೊಸಬರು ಬಂದೇ ಬರುತ್ತಾರೆ, ಬಂದವರನ್ನು ಕೈಬಿಡಬಾರದು ಎಂಬ ಹಟ ನನಗೆ.

ಹಟಕ್ಕೆ ಕಾರಣವಿತ್ತು. ನಮ್ಮ ಪಾಸ್ಟರ್ ತುಮಕೂರಿನಿಂದ ಬರಬೇಕು. ನಮ್ಮ ಜೊತೆಗೆ ಅವರಿಗೆ ಇನ್ನೂ ಎರಡು ಮೂರು ಊರಿನ ಸಭೆಗಳ ಜವಾಬ್ದಾರಿ. ಜನ ಹೆಚ್ಚದಿದ್ದರೆ ಗುಬ್ಬಿಯಲ್ಲಿ ತಿಂಗಳಿಗೊಂದೇ ಆರಾಧನೆ ಎಂದು ಮೇಲಿನವರು ಅಂದಿದ್ದನ್ನು ಅವರು ಸಂಕೋಚದಿಂದಲೇ ತಿಳಿಸಿದ್ದರು. ನಾನು ಮದುವೆಯಾಗಿ ಕಾಲಿಟ್ಟ ಚರ್ಚು ಅದು. ನನ್ನ ಯಜಮಾನರು ತೀರಿಕೊಂಡಾಗ ಅವರ ಪೆಟ್ಟಿಗೆಯನ್ನು ಇಟ್ಟು ಪ್ರಾರ್ಥನೆ ಮಾಡಿದ್ದೂ ಅಲ್ಲೇ. ಚರ್ಚಿನ ಬೀಗದ ಕೈ ನಮ್ಮ ಮನೆಯ ಮೊಳೆಯಲ್ಲಿ ತೂಗುತ್ತದೆ. ಭಾನುವಾರ ಬಂದರೂ ಆ ಬೀಗ ತೆಗೆಯದ ದಿನವನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿರಲಿಲ್ಲ.

ಅಂಥ ಹೊತ್ತಿನಲ್ಲಿ ಅವರಿಬ್ಬರು ಬಂದರು. ಗಂಡ ಹೆಂಡತಿ, ಮೂವತ್ತರ ಆಚೆ ಈಚೆ ಇರಬೇಕು. ಅವನಿಗೆ ಕುಣಿಗಲ್ಲಿನಿಂದ ನಮ್ಮೂರಿನ ಕರೆಂಟ್ ಆಫೀಸಿಗೆ ವರ್ಗವಾಗಿತ್ತು. ಗೇಟಿನ ಹತ್ತಿರ ಬೈಕು ನಿಲ್ಲಿಸಿ, ನನಗೆ ಕೈಮುಗಿದು, ಸೀದಾ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಅಲ್ಲಿ ನಮ್ಮವರು ಯಾರೂ ಕೂರುವುದಿಲ್ಲ. ಛತ್ರಿ, ಹಾಡಿನ ಪುಸ್ತಕ, ಟೀ ಫ್ಲಾಸ್ಕು ಇಡುವ ಜಾಗ ಅದು. ಅವಳು ಫ್ಲಾಸ್ಕನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ, ಕಿಟಕಿಯ ಕಡೆಗೆ ಒತ್ತರಿಸಿಕೊಂಡು ಕೂತಳು. ಈಗ ಯೋಚಿಸಿದರೆ ಅವಳಿಗೆ ಬೇಕಾದದ್ದೆಲ್ಲ ಆ ಬೆಂಚಿನಲ್ಲೇ ಇತ್ತು. ನಾನು ಬಿಡಲಿಲ್ಲ. ಹೊಸಬರು ಹಿಂದೆ ಕೂರುವುದು ನಮಗೆ ಮರ್ಯಾದೆಯಲ್ಲ ಎಂದು ಇಬ್ಬರನ್ನೂ ಕರೆತಂದು ಎರಡನೆಯ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ ಕೂರಿಸಿದೆ.

ನಮ್ಮಲ್ಲೊಂದು ಪದ್ಧತಿ. ಪ್ರಕಟಣೆಯ ಹೊತ್ತಿಗೆ ಹೊಸಬರು ಎದ್ದು ನಿಲ್ಲಬೇಕು. ಹೆಸರು, ಊರು, ಕೆಲಸ, ಮಕ್ಕಳು ಎಲ್ಲ ಹೇಳಬೇಕು. ಆಮೇಲೆ ಸಭೆಯವರೆಲ್ಲ ಚಪ್ಪಾಳೆ ತಟ್ಟಿ ಸ್ವಾಗತದ ಹಾಡು ಹೇಳುತ್ತೇವೆ. ತಿಂಗಳುಗಟ್ಟಲೆ ಆ ಹಾಡು ಹೇಳುವ ಅವಕಾಶವೇ ಸಿಕ್ಕಿರಲಿಲ್ಲ. ಅವನು ಎದ್ದ. ಅವಳು ಏಳಲಿಲ್ಲ, ತಲೆ ಬಗ್ಗಿಸಿ ಕೂತೇ ಇದ್ದಳು. ನಾಚಿಕೆ ಇರಬೇಕೆಂದು ನಾನೇ ಅವಳ ಮೊಣಕೈ ಹಿಡಿದು ಎಬ್ಬಿಸಿದೆ.

"ಏಳಮ್ಮ, ನಾಚ್ಕೋಬೇಡ. ಇಲ್ಲಿರೋರೆಲ್ಲ ನಮ್ಮೋರೇ."

ಎದ್ದು ನಿಂತಳು. ಅವನು ಹೆಸರು ಹೇಳಿದ, ಊರು ಹೇಳಿದ, ಆಫೀಸು ಹೇಳಿದ, ನಿಲ್ಲಿಸಿದ. ನಮ್ಮ ಹಿರಿಯರೊಬ್ಬರು ಮಕ್ಕಳೆಷ್ಟು ಎಂದು ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಸಭೆಯಲ್ಲಿ ಅಯ್ಯೋ ಪಾಪ ಎನ್ನುವ ಒಂದು ಉಸಿರು ಹೊರಟಿತು. ಆ ಉಸಿರಿನ ಬೆನ್ನಿಗೇ ನಾವು ಚಪ್ಪಾಳೆ ತಟ್ಟಿಕೊಂಡು ಹಾಡು ಶುರುಮಾಡಿದೆವು.

ಅವತ್ತು ಟೀ ಕುಡಿಯುವಾಗ ಹೆಂಗಸರೆಲ್ಲ ಅವಳನ್ನು ಸುತ್ತುಗಟ್ಟಿದೆವು. ತವರು ಯಾವುದು, ಮದುವೆಯಾಗಿ ಎಷ್ಟು ವರ್ಷವಾಯಿತು, ಡಾಕ್ಟರಿಗೆ ತೋರಿಸಿದ್ದೀರಾ, ತಿಪಟೂರಿನಲ್ಲಿ ಒಬ್ಬ ಒಳ್ಳೆಯ ಲೇಡಿ ಡಾಕ್ಟರ್ ಇದ್ದಾರೆ, ಹೋಗಿ ಬನ್ನಿ. ಅವಳು ಲೋಟದ ಅಂಚು ನೋಡುತ್ತ ಹೂಂ ಹೂಂ ಅನ್ನುತ್ತಿದ್ದಳು. ಅಲ್ಲಿಂದ ಇಬ್ಬರನ್ನೂ ನಮ್ಮ ಮನೆಗೆ ಕರೆದುಕೊಂಡು ಬಂದೆ. ಊಟ ಹಾಕುವುದರಲ್ಲಿ ನನಗೆ ಮೊದಲಿಂದಲೂ ಸ್ವಲ್ಪ ಜಂಬ. ಕೋಳಿ ಸಾರು, ಬಿಸಿ ಮುದ್ದೆ. ಅವನು ಚೆನ್ನಾಗಿ ಉಂಡ. ಅವಳು ಅರ್ಧ ಮುದ್ದೆಯನ್ನು ಮುರಿದು ಮುರಿದು ಇಟ್ಟಳು. ಮೈಯಲ್ಲಿ ಶಕ್ತಿ ಇರಬೇಕಮ್ಮ, ಇಲ್ಲದಿದ್ದರೆ ಬಸಿರು ನಿಲ್ಲುವುದು ಹೇಗೆ ಎಂದು ಗದರಿಸಿ ಇನ್ನರ್ಧ ಹಾಕಿದೆ.

ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ನಮಗೆ ಸ್ವರ್ಗಕ್ಕೆ ಮೂರೇ ಗೇಣು. ಆಫೀಸಿನಲ್ಲಿ ಕೆಲಸ ಮಾಡುವವನು ಎಂದು ಸಭೆಯ ಲೆಕ್ಕಪತ್ರವನ್ನೆಲ್ಲ ಅವನ ಕೈಗೆ ಹಾಕಿದರು. ಅವಳಿಗೆ ಸಂಡೇ ಸ್ಕೂಲ್ ಕೊಡೋಣ, ಮಕ್ಕಳಿಲ್ಲದವಳು, ಮನೆಯಲ್ಲಿ ಸಮಯ ಇರುತ್ತದೆ ಎಂದು ಹೇಳಿದವಳು ನಾನು. ಅವಳು ಬೇಡ ಆಂಟಿ ಅಂದಳು. ಮೊದಲು ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ನಕ್ಕೆ. ಅವತ್ತೇ ಅವಳನ್ನು ಸಂಡೇ ಸ್ಕೂಲ್ ನಡೆಯುವ ಹಿಂದಿನ ಕೋಣೆಗೆ ಕಳಿಸಿದೆ. ಅಲ್ಲಿ ನಮ್ಮ ಹಿರಿಯರ ಚಿಕ್ಕ ಮೊಮ್ಮಗಳು ಹೋಗಿ ಅವಳ ತೊಡೆಯ ಮೇಲೆ ಕೂತುಬಿಟ್ಟಿತ್ತು. ಇಣುಕಿ ನೋಡಿ, ಎಷ್ಟು ಬೇಗ ಹೊಂದಿಕೊಂಡಳಲ್ಲ ಎಂದು ಸಂತೋಷಪಟ್ಟೆ. ಅವಳ ಮುಖ ಮಾತ್ರ ನೋಡಲಿಲ್ಲ.

ಆ ವಾರವೇ ನಮ್ಮ ಮನೆಯಲ್ಲಿ ಹೆಂಗಸರ ಪ್ರಾರ್ಥನೆ ಕೂಟ. ಒತ್ತಾಯ ಮಾಡಿ ಕರೆಸಿಕೊಂಡೆ. ಅವಳನ್ನು ಚಾಪೆಯ ನಡುವೆ ಕೂರಿಸಿ, ಎಲ್ಲರೂ ಸುತ್ತ ಮಂಡಿಯೂರಿ, ತಲೆಯ ಮೇಲೆ ಕೈಯಿಟ್ಟೆವು. ಪ್ರಾರ್ಥಿಸಿದವಳು ನಾನು. ಬೈಬಲ್ಲಿನಲ್ಲಿ ಬಂಜೆಯಾಗಿದ್ದು ಆಮೇಲೆ ಹೆತ್ತ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ದೇವರಿಗೆ ನೆನಪು ಮಾಡಿಕೊಟ್ಟೆ. ಈ ಮಗಳ ಮಡಿಲು ಇದುವರೆಗೆ ಬರಿದಾಗಿದೆ, ತುಂಬಿಸು ತಂದೆ ಎಂದು ಗಟ್ಟಿಯಾಗಿ ಬೇಡಿದೆ. ಅವಳು ಅತ್ತಳು. ಸದ್ದಿಲ್ಲದೆ, ಮೈಯೆಲ್ಲ ನಡುಗುವಂತೆ ಅತ್ತಳು. ದೇವರು ಮುಟ್ಟಿದ ಎಂದು ನಾವು ಸ್ತೋತ್ರ ಹೇಳಿದೆವು.

ಆ ಭಾನುವಾರ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ. ಲೆಕ್ಕಪತ್ರವನ್ನು ಅವನು ಹಿರಿಯರ ಮನೆಗೆ ತಲುಪಿಸಿ ಹೋಗಿದ್ದನಂತೆ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆವು, ಬಸಿರೇ ಇರಬಹುದೆಂದೂ ಪಿಸುಗುಟ್ಟಿದೆವು. ಕೊನೆಗೆ ಯಾರೋ ಬಂದು, ಅವರಿಬ್ಬರೂ ತುಮಕೂರಿನ ದೊಡ್ಡ ಚರ್ಚಿಗೆ ಹೋಗುತ್ತಾರೆ, ಕಣ್ಣಾರೆ ಕಂಡೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಗುಬ್ಬಿಯಲ್ಲೇ, ನಮ್ಮ ಬೀದಿಯಿಂದ ಸ್ವಲ್ಪ ಆಚೆ ಮನೆ ಮಾಡಿಕೊಂಡು, ಬೈಕಿನಲ್ಲಿ ತುಮಕೂರಿನವರೆಗೆ ಹೋಗುತ್ತಾರೆಂದರೆ? ನಮ್ಮ ಮನೆಯ ಅನ್ನ ಉಂಡು ಹೀಗೆ ಮಾಡಿದರಲ್ಲ, ಫ್ಯಾನು, ಮೈಕು, ಕೀಬೋರ್ಡು ಇರುವ ಚರ್ಚೇ ಬೇಕಾಯಿತೇ ಎಂದು ಸಿಕ್ಕಸಿಕ್ಕವರ ಹತ್ತಿರ ಆಡಿಕೊಂಡೆ. ದಾರಿಯಲ್ಲಿ ಒಮ್ಮೆ ಅವಳು ಎದುರಾದಾಗ ಅಂಗಡಿಯ ತೆಂಗಿನಕಾಯಿ ನೋಡುವವಳಂತೆ ಮುಖ ತಿರುಗಿಸಿದ್ದೂ ಉಂಟು.

ವಿಷಯ ಗೊತ್ತಾದದ್ದು ಕುಣಿಗಲ್ಲಿನಲ್ಲಿ. ನಮ್ಮ ಕಡೆಯ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಆ ಊರಿನ ಸಭೆಯ ಹೆಂಗಸು ನಾನು ಗುಬ್ಬಿಯವಳೆಂದು ತಿಳಿದು ಅವರಿಬ್ಬರೂ ಹೇಗಿದ್ದಾರೆ ಎಂದು ಕೇಳಿದಳು. ನಾನು ನನ್ನ ಪುರಾಣ ಶುರುಮಾಡುವುದರಲ್ಲಿದ್ದೆ. ಅಷ್ಟರಲ್ಲಿ ಅವಳೇ ಎಲೆಯ ಮೇಲೆ ಕೈಯಾಡಿಸುತ್ತ ಹೇಳಿದಳು.

"ಎಲ್ಡು ದಿನದ ಜ್ವರ ಕಣಕ್ಕ. ಆರು ವರ್ಷದ ಮಗ, ಸ್ಕೂಲ್ಗೆ ಹೋಗ್ತಿತ್ತು. ಬೆಂಗ್ಳೂರಿಗೆ ಕರ್ಕೊಂಡ್ ಹೋಗ್ತಾ ನೆಲಮಂಗ್ಲ ಸೇರೋದ್ರೊಳ್ಗೆ ಅವಳ ತೊಡೆ ಮೇಲೇ ಹೋಗ್ಬುಡ್ತು."

ಅಲ್ಲಿಯ ಸಭೆಯವರೂ ನಮ್ಮಂಥವರೇ. ಪ್ರತಿ ಭಾನುವಾರ ಒಬ್ಬರಾದ ಮೇಲೊಬ್ಬರು ಅವಳ ಕೈ ಹಿಡಿದುಕೊಂಡು ಅಳುತ್ತಿದ್ದರಂತೆ. ಅದನ್ನು ತಡೆಯಲಾರದೆ, ಮಗುವಿನ ವಿಷಯ ಗೊತ್ತಿಲ್ಲದ ಊರು ಯಾವುದಾದರೂ ಆಗಲಿ ಎಂದು ಅವನು ವರ್ಗ ಮಾಡಿಸಿಕೊಂಡನಂತೆ. ಬಡಿಸುವವರು ಪಾಯಸ ತಂದರು. ನಾನು ಎಲೆಗೆ ಕೈ ಅಡ್ಡ ಹಿಡಿದೆ. ಬರಿದಾದ ಮಡಿಲು ಎಂದು ಕೂಗಿ ಹೇಳಿದ ನನ್ನ ದನಿಯೇ ಕಿವಿಯಲ್ಲಿ ಕೇಳಿಸುತ್ತಿತ್ತು. ನಮ್ಮ ಸೀಮೆಯಲ್ಲಿ ಮಠದ ಪಂಕ್ತಿಯಲ್ಲಿ ಕೂತವನಿಗೆ ಬಡಿಸುವಾಗ ಯಾರೂ ನಿನಗೆ ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಹುಟ್ಟಿದಾಗಿನಿಂದ ಅದನ್ನು ಕಂಡಿದ್ದೇನೆ. ಕಂಡು ಏನು ಕಲಿತೆನೋ.

ಊರಿಗೆ ಬಂದ ಮಾರನೆಯ ದಿನ ಅವರ ಮನೆಗೆ ಹೋದೆ. ಬರಿಗೈಯಲ್ಲಿ ಹೋಗುವ ಅಭ್ಯಾಸವಿಲ್ಲ, ಆದರೆ ಅವತ್ತು ಡಬ್ಬಿಗೆ ಏನನ್ನಾದರೂ ತುಂಬಲು ಧೈರ್ಯವಾಗಲಿಲ್ಲ. ಅವನು ಗೇಟಿನವರೆಗೆ ಬಂದ. ಅವಳು ಮಲಗಿದ್ದಾಳೆ ಎಂದ. ಕಿಟಕಿಯ ಪರದೆ ಅಲ್ಲಾಡಿದ್ದನ್ನು ನಾನು ನೋಡಿದೆ, ಅವನೂ ನೋಡಿದ. ಕುಣಿಗಲ್ಲಿನಲ್ಲಿ ಕೇಳಿದ್ದನ್ನು ಹೇಳಿದೆ. ನಮಗೆ ಗೊತ್ತಿರಲಿಲ್ಲಪ್ಪ ಎಂದೆ. ಅದು ನಿಜವೇ, ಆದರೆ ಹೇಳುವಾಗಲೇ ಅದರಿಂದ ಏನೂ ಆಗುವುದಿಲ್ಲ ಎಂದು ಅನ್ನಿಸಿತು.

ಅವನು ಗೇಟಿನ ಚಿಲಕವನ್ನು ಹಿಡಿದುಕೊಂಡೇ ಮಾತಾಡಿದ. "ನೀವು ಕೆಟ್ಟದ್ದೇನೂ ಮಾಡ್ಲಿಲ್ಲ ಆಂಟಿ. ಅವ್ಳಿಗೆ ಸುಮ್ನೆ ಕೂತ್ಕೊಳ್ಳೋಕೆ ಒಂದ್ ಜಾಗ ಬೇಕಾಗಿತ್ತು, ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಯ ಬೆಂಚು, ಪಕ್ಕಕ್ಕೆ ಸರಿಸಿದ ಫ್ಲಾಸ್ಕು ಕಣ್ಣ ಮುಂದೆ ಬಂತು. ಒಳಗೆ ಬನ್ನಿ ಎಂದು ಅವನು ಕರೆಯಲಿಲ್ಲ. ಕರೆಯದಿದ್ದದ್ದೇ ಸರಿ.

ವರ್ಷ ತಿರುಗುವುದರೊಳಗೆ ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಮಾತ್ರ ಆರಾಧನೆ ಎಂದು ತೀರ್ಮಾನವಾಯಿತು. ಅವರಿಬ್ಬರು ಇದ್ದಿದ್ದರೆ ಅದು ತಪ್ಪುತ್ತಿತ್ತೇ ಎಂದರೆ, ಇಲ್ಲ. ಇಬ್ಬರಿಂದ ಏನಾಗುತ್ತಿತ್ತು? ಆದರೆ ಒಳಗೊಂದು ಹಾಳು ಯೋಚನೆ: ಚರ್ಚು ಉಳಿಸಿಕೊಳ್ಳುವ ಆಸೆಯಲ್ಲಿ ನಾನು ಅವಳನ್ನು ಒಂದು ತಲೆ ಎಂದು ಎಣಿಸಿದೆ, ಮನುಷ್ಯಳೆಂದು ನೋಡಲಿಲ್ಲ. ಎರಡೂ ಕೈಬಿಟ್ಟು ಹೋದವು.

ಉಳಿದ ಭಾನುವಾರಗಳಲ್ಲಿ ಮನೆಯಲ್ಲಿ ಕೂರಲು ಆಗದೆ ಒಂದು ದಿನ ತುಮಕೂರಿನ ಬಸ್ಸು ಹತ್ತಿದೆ. ಅವಳು ಸಿಕ್ಕರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆ ದೊಡ್ಡ ಚರ್ಚಿನ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಒಳಗೆ ತುಂಬಿದ ಜನ, ಎಲ್ಲರಿಗೂ ಅವರವರ ಜಾಗ. ಬುತ್ತಿಯ ಚೀಲ ಹಿಡಿದುಕೊಂಡು ಎಲ್ಲಿ ಕೂರುವುದೋ ತಿಳಿಯದೆ ನಿಂತೆ. ಹಿಂದಿನ ಸಾಲಿನಲ್ಲಿ, ಕಿಟಕಿಯ ಹತ್ತಿರ ಅವಳಿದ್ದಳು. ಅವಳ ಆಚೆ, ಕಿಟಕಿಗೆ ತಾಗಿ ಅವನು. ಅವಳು ನನ್ನನ್ನು ನೋಡಿದಳು. ಗಂಡನ ಕಡೆಗೆ ಒಂದಿಷ್ಟು ಸರಿದು, ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ತೊಡೆಗೆ ಎತ್ತಿಕೊಂಡಳು. ನಾನು ಹೋಗಿ ಕೂತೆ. ಜೋಡಿಸಿಕೊಂಡು ಬಂದ ಮಾತೆಲ್ಲ ಅವಳ ಪಕ್ಕದಲ್ಲಿ ಕೂತೊಡನೆ ಕೆಲಸಕ್ಕೆ ಬಾರದ್ದಾಯಿತು. ಹಾಡಿನ ಪುಸ್ತಕವನ್ನು ಅವಳು ಇಬ್ಬರ ನಡುವೆ ಹಿಡಿದಳು. ಇಬ್ಬರೂ ಹಾಡಿದೆವು.

ಪ್ರಕಟಣೆಯ ಹೊತ್ತಿಗೆ ಮೈಕಿನಲ್ಲಿ ಕೇಳಿಸಿತು, ಮೊದಲ ಸಲ ಬಂದಿರುವವರು ದಯವಿಟ್ಟು ಎದ್ದು ನಿಲ್ಲಬೇಕು. ಅಲ್ಲೂ ಅದೇ ಪದ್ಧತಿ. ಮುಂದೆ ವಸಂತನರಸಾಪುರದ ಫ್ಯಾಕ್ಟರಿಗೆ ಬಂದ ಹುಡುಗರು ಕೆಲವರು ಎದ್ದರು, ಒಬ್ಬೊಬ್ಬರಾಗಿ ತಮ್ಮ ಊರಿನ ಹೆಸರು ಹೇಳಿದರು. ನಾನೂ ಮುಂದಿನ ಬೆಂಚನ್ನು ಹಿಡಿದುಕೊಂಡು ಏಳಲು ಹೊರಟೆ. ಎದ್ದರೆ ಹೇಳಬೇಕಲ್ಲ, ಗುಬ್ಬಿಯವಳು, ಯಜಮಾನರಿಲ್ಲ, ನಮ್ಮ ಚರ್ಚಿಗೆ ತಿಂಗಳಲ್ಲಿ ಒಂದು ವಾರ ಬಿಟ್ಟರೆ ಬೀಗವೇ ಅಂತ. ಅಷ್ಟು ಜನರ ಮುಂದೆ, ಚಪ್ಪಾಳೆಯ ಮುಂದೆ. ಕಾಲು ಮೇಲೇಳಲಿಲ್ಲ.

ನನ್ನ ಮಂಡಿಯ ಮೇಲೆ ಅವಳು ಕೈಯಿಟ್ಟಳು. ಮುಖವನ್ನು ಮುಂದಕ್ಕೇ ಇಟ್ಟುಕೊಂಡು ಮೆಲ್ಲಗೆ ಹೇಳಿದಳು.

"ಏಳ್ಬೇಡಿ ಆಂಟಿ. ಸುಮ್ನೆ ಕೂತ್ಕೊಳ್ಳಿ, ಯಾರೂ ಏನೂ ಕೇಳಲ್ಲ."

ಕೂತೆ. ಹಾಡು ಮುಗಿಯುವವರೆಗೂ ಅವಳ ಕೈ ಅಲ್ಲೇ ಇತ್ತು. ಅವಳ ಮೊಣಕೈ ಹಿಡಿದು ಎಬ್ಬಿಸಿದ ದಿನ ಇಷ್ಟೇ ಮಾತು ನನ್ನ ಬಾಯಿಗೆ ಬರಬಾರದಿತ್ತೇ.