ಮುಬಾರಕರ ಜರ್ಮನ್ ಉಜ್ಜುಗೊರಡು, ಅಮೀರ್‌ಜಾನರ ಹೊಟ್ಟೆಕಿಚ್ಚು

ಬೆಳಗಿನ ಆರು ಗಂಟೆ. ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಮೀರ್‌ಜಾನ್ ಆಗಲೇ ಗರಗಸದ ಹಲ್ಲಿಗೆ ಅರ ಹಿಡಿದಿದ್ದಾರೆ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು ಬಡಗಿಗಳಿಗೆ ಅಲಗು ಮಾಡಿಕೊಡುವವರೂ ಇವರೇ. ದಿನಕ್ಕೆ ಎಂಟು ಗರಗಸ, ಹತ್ತಾರು ಉಳಿ. ನಲ್ಲೂರು, ಉಬ್ರಾಣಿಯ ಎಷ್ಟೋ ಬಾಗಿಲುಗಳು ಇವರು ಮಸೆದ ಹತಾರಗಳಿಂದಲೇ ಎದ್ದಿವೆ. ಹೊಗಳಿಕೆ ಮಾತ್ರ ಬಡಗಿಗೆ.

ಅರವತ್ತೊಂದರ ಈ ಮನುಷ್ಯನಿಗೆ ಒಂದು ಹೊಟ್ಟೆಕಿಚ್ಚಿದೆ, ಅದನ್ನವರು ಮುಚ್ಚಿಡುವುದೂ ಇಲ್ಲ. ಕುಲುಮೆ, ಮರಗೆಲಸ ಎರಡನ್ನೂ ಕಲಿಸುತ್ತಿದ್ದ ಇವರ ಉಸ್ತಾದರು, ಮರ ನುಣುಪು ಮಾಡುವ, ಮುಂದೆ ಕೊಂಬಿನಂಥ ಹಿಡಿಯಿರುವ ತಮ್ಮ ಹಳೆಯ ಜರ್ಮನ್ ಉಜ್ಜುಗೊರಡನ್ನು ಸಾಯುವ ಮುಂಚೆ ಕಿರಿಯ ಶಿಷ್ಯ ಮುಬಾರಕ್‌ಗೆ ಕೊಟ್ಟರು. "ಒಂಬತ್ ವರ್ಷ ಅವರ ಕುಲುಮೇಲಿ ತಿದಿ ಒತ್ತಿದೋನು ನಾನು. ನಿನ್ನೆ ಮೊನ್ನೆ ಬಂದೋನಿಗೆ ಜರ್ಮನಿ! ಹೊಟ್ಟೆ ಉರಿಯಲ್ವೇನ್ರೀ? ನಂಗೆ ಅದನ್ನ ಮುಟ್ಟಾಕೂ ಬಿಡ್ಲಿಲ್ಲ ಉಸ್ತಾದ್ರು, ಪುಣ್ಯಾತ್ಮ." ಹೊನ್ನಾಳಿಯಲ್ಲಿ ಬಡಗಿಯಾಗಿರುವ ಮುಬಾರಕರ ಕೆಲಸವನ್ನು ಯಾರು ಹೊಗಳಿದರೂ ಇವರದು ಮೂವತ್ತು ವರ್ಷದಿಂದ ಒಂದೇ ಉತ್ತರ: "ಕೈ ಅವಂದಲ್ಲ, ಉಕ್ಕು ಜರ್ಮನಿದು."

ಇವತ್ತು ಅದೇ ಮುಬಾರಕ್ ಮಗಳು ಅರ್ಷಿಯಾ ಜೊತೆ ಎದುರಿಗೆ ಕೂತಿದ್ದಾರೆ, ಮಡಿಲಲ್ಲಿ ಉಜ್ಜುಗೊರಡು. ಮಾಡಿದವರ ಹೆಸರು ಹುಡುಕಲು ಅರ್ಷಿಯಾ ಜರ್ಮನಿಯ ಹಳೆ ಹತಾರ ಸಂಗ್ರಾಹಕರಿಗೆ ಫೋಟೊ ಕಳಿಸಿದ್ದಳು. ಮರದ ಭಾಗ ಜರ್ಮನಿಯದೇ, ಅಲಗಿನ ಗುರುತು ಮಾತ್ರ ಅಲ್ಲಿನ ಯಾರದೂ ಅಲ್ಲ, ಆದರೆ ಬಡಿದ ಕೈ ದೊಡ್ಡದು ಎಂದು ಉತ್ತರ ಬಂದಿದೆ. ಹಾಗಾದರೆ ಯಾರದೆಂದು ಕೇಳಲು ಇಬ್ಬರೂ ಇಲ್ಲಿಗೆ ಬಂದಿದ್ದಾರೆ.

ಅಮೀರ್‌ಜಾನ್ ಅಲಗು ಬಿಚ್ಚುತ್ತಾರೆ. ಬಾಲದಲ್ಲಿ ಮೂರು ಓರೆ ಗೀರು. ಉಸ್ತಾದರ ಕುಲುಮೆಯಲ್ಲಿ ಕಲಿಯುವವರು ತಾವು ಬಡಿದ ಅಲಗಿಗೆ ತಮ್ಮ ಗೀರು ಹಾಕಬೇಕಿತ್ತು, ಕೆಟ್ಟರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಅಂತ. ಮರಗೆಲಸಕ್ಕಷ್ಟೇ ಸೇರಿದ್ದ ಮುಬಾರಕ್‌ಗೆ ಇದು ತಿಳಿಯದು. ಕಂಪನಿ ಗುರುತೆಂದೇ ಊರಿಗೆಲ್ಲ ತೋರಿಸಿದ್ದಾರೆ.

"ಇದು ನಂದು ಕಣೋ," ಎನ್ನುತ್ತಾರೆ ಅಮೀರ್‌ಜಾನ್. ಮೊನ್ನೆ ಮಾಡಿದ ಅಲಗೊಂದನ್ನು ಪಕ್ಕಕ್ಕಿಡುತ್ತಾರೆ. ಅದೇ ಮೂರು ಗೀರು. ಜರ್ಮನಿಯ ಅಲಗು ಸವೆದಾಗ ಉಸ್ತಾದರು ಸದ್ದಿಲ್ಲದೆ ಅಮೀರ್‌ಜಾನ್ ಬಡಿದದ್ದನ್ನು ಕೂರಿಸಿಕೊಂಡಿದ್ದರು.

ಮುಬಾರಕರ ಮುಖ ಸಪ್ಪಗಾಗುತ್ತದೆ. "ನನ್ ಕೆಲ್ಸಾನ ಒಂದಿನಾನೂ ಹಿಂಗೆ ಹತ್ರ ಇಟ್ಕಳ್ಳಿಲ್ಲ ಉಸ್ತಾದ್ರು."

"ಸುಳ್ಳ್ಯಾಕೆ ಹೇಳ್ಲಿ, ಅವನ ಮುಖ ನೋಡಿ ಸಕ್ಕರೆ ತಿಂದಂಗಾತು," ಎನ್ನುತ್ತಾರೆ ಅಮೀರ್‌ಜಾನ್. ಉಜ್ಜುಗೊರಡು ಅವರಿಗೆ ಬೇಡವಂತೆ. ಅಲಗು ಮಸೆದು, ಕೂರಿಸಿ, ವಾಪಸ್ ಕೊಡುತ್ತಾರೆ. ಆಸೆ ಒಂದೇ.

"ಜರ್ಮನಿಯೋರಿಗೆ ಇವತ್ತೇ ಬರಿಯಮ್ಮ ಅರ್ಷಿಯಾ. ಅಲಗು ಮಾಡ್ದೋನು ನ್ಯಾಮತಿಯಾಗೆ ಅದಾನೆ, ಇನ್ನೂ ಮಾಡ್ತಾನೆ ಅಂತ. ನಿಮ್ಮಪ್ಪ ಬಾಯಿಬಿಟ್ಟು ಹೇಳ್ಲಿ, ನೀನು ಬರಿ."