ಬೈರಾಸು ಕಟ್ಟುವ ಜಾಗ

ಬಲ್ಮಠದ ಆಫೀಸಿನಲ್ಲಿ ಕುಳಿತು ನಾನು ಮಾಡುವ ಕೆಲಸವನ್ನು ನೆಂಟರಿಗೆ ವಿವರಿಸಿ ಸೋತಿದ್ದೇನೆ. ಕಾರ್ಖಾನೆಗಳಲ್ಲಿ ವಾಲ್ವ್ ತೆರೆಯುವ, ಮುಚ್ಚುವ ಸ್ವಿಚ್‌ಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತರುವುದು ನನ್ನ ಕೆಲಸ. ಹಿಂದೆ ಅವು ಕಬ್ಬಿಣದ ಪ್ಯಾನೆಲ್ ಮೇಲಿನ ನಾಬ್‌ಗಳಾಗಿದ್ದವು, ಕೈಯಿಂದ ತಿರುಗಿಸಬೇಕಿತ್ತು. ಈಗ ಬೆರಳು ತಾಗಿಸಿದರೆ ಸಾಕು.

ಊರ ಹೊರಗಿನ ಒಂದು ಎಣ್ಣೆ ಕಾರ್ಖಾನೆಗೆ ಹಾಗೊಂದು ಪರದೆ ಮಾಡಿಕೊಟ್ಟೆ. ಟ್ಯಾಂಕಿನ ಎಣ್ಣೆಯನ್ನು ಬಿಸಿಮಾಡುವ ಹಬೆಯ ವಾಲ್ವ್‌ಗೆ ಮೂರು ಆಯ್ಕೆ. ಮ್ಯಾನುವಲ್‌ನಲ್ಲಿ ಆಪರೇಟರ್ ಹೇಳಿದಾಗ ತೆರೆಯುತ್ತದೆ, ಆಟೋದಲ್ಲಿ ಎಣ್ಣೆ ತಣಿದ ಕೂಡಲೇ ತಾನಾಗಿ ತೆರೆಯುತ್ತದೆ, ಆಫ್‌ನಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಹಳೆಯ ಪ್ಯಾನೆಲ್‌ನಲ್ಲಿಯೂ ಇವೇ ಮೂರು ಇದ್ದವು. ಆದರೆ ಅಲ್ಲಿನವರಿಗೆ ಒಂದು ರೂಢಿಯಿತ್ತು. ಹಬೆಯ ಪೈಪಿನ ಜಾಲರಿ ತೊಳೆಯಲು ಕೆಳಗಿಳಿಯುವವನು ನಾಬನ್ನು ಆಫ್‌ಗೆ ತಿರುಗಿಸಿ, ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವಲನ್ನು, ಅದಕ್ಕೆ ಕಟ್ಟಿ ಹೋಗುತ್ತಿದ್ದ. ಕಟ್ಟಿದವನೇ ಬಂದು ಬಿಚ್ಚುವವರೆಗೆ ಆ ನಾಬನ್ನು ಯಾರೂ ಮುಟ್ಟುತ್ತಿರಲಿಲ್ಲ.

ಪರದೆ ತೋರಿಸಿದ ದಿನ ಅಲ್ಲಿನ ಹಿರಿಯ ಆಪರೇಟರ್ ಮೂರೂ ಆಯ್ಕೆಗಳನ್ನು ಒತ್ತಿ ನೋಡಿದರು. ಆಮೇಲೆ ಕೇಳಿದರು.

"ಎಲ್ಲ ಚಂದ ಉಂಟು ಮೇಡಂ. ಬೈರಾಸು ಎಲ್ಲಿ ಕಟ್ಟುವುದು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

"ಇನ್ನು ಅದೆಲ್ಲ ಬೇಡ ಅಣ್ಣ. ಆಫ್ ಒತ್ತಿದರೆ ಮುಗೀತು."

"ಮತ್ತೊಬ್ಬ ಬಂದು ಆಟೋ ಒತ್ತಿದರೆ ಎಂತ ಮಾಡುವುದು?"

"ಸುಮ್ಮನೆ ಯಾರು ಒತ್ತುತ್ತಾರೆ ಮಾರಾಯ್ರೆ?" ಎಂದೆ.

ಅವರು ಕೇಳಿದ್ದು ಪರದೆಯ ಆಫ್‌ಗೆ ಒಂದು ಬೀಗ, ಅಷ್ಟೇ. ಅರ್ಧ ದಿನದ ಕೆಲಸ, ನಾನು ಮಾಡಲಿಲ್ಲ. ಒಪ್ಪಂದದ ಕಾಗದದಲ್ಲಿ ಅದು ಇರಲಿಲ್ಲ, ಮರುದಿನ ಚಿಕ್ಕಮ್ಮನ ಮಗಳ ಮದುವೆಗೆ ನಾನು ಬೇಗ ಹೊರಡಬೇಕಿತ್ತು. ಎರಡನೆಯದೇ ನಿಜವಾದ ಕಾರಣ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಅವರು ಆಫ್ ಒತ್ತಿ ಜಾಲರಿ ತೊಳೆಯಲು ಕೆಳಗಿಳಿದರು. ಆಗಲೇ ಪಾಳಿ ಬದಲಾಯಿತು. ಹೊಸ ಪಾಳಿಗೆ ಬಂದವನು ಎಣ್ಣೆ ತಣಿಯುತ್ತಿರುವುದನ್ನು ನೋಡಿ ಆಟೋ ಒತ್ತಿದ. ಹಬೆ ಹಿರಿಯರ ಬಲಗೈಯನ್ನು ಬೇಯಿಸಿತು. ಎರಡು ಬೆರಳು ಮತ್ತೆ ಮಡಚಲಿಲ್ಲ.

ವಿಚಾರಣೆಗೆ ನನ್ನನ್ನೂ ಕರೆದರು. ಯಾರು ಯಾವಾಗ ಏನು ಒತ್ತಿದರು ಎಂಬುದನ್ನೆಲ್ಲ ಪರದೆ ನೆನಪಿಟ್ಟುಕೊಳ್ಳುತ್ತದೆ. ಆ ದಾಖಲೆಯ ಪ್ರೋಗ್ರಾಂ ಬರೆಯಲು ಮಾತ್ರ ನನಗೆ ಸಮಯ ಸಿಕ್ಕಿತ್ತು. ದಾಖಲೆಯ ಪ್ರಿಂಟ್ ಮೇಜಿನ ಮೇಲಿಟ್ಟು ಸಹಿ ಹಾಕಿದೆ.

"ಸ್ಕ್ರೀನಿನಲ್ಲಿ ತಪ್ಪು ಉಂಟಾ?" ಮ್ಯಾನೇಜರ್ ಕೇಳಿದರು.

"ಇಲ್ಲ ಸರ್, ಬರೆದ ಹಾಗೆಯೇ ಅದು ಕೆಲಸ ಮಾಡಿದೆ."

ಎಂಥ ಸತ್ಯವಂತೆ ನಾನು! ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಎದುರಿಗೇ ಕುಳಿತಿದ್ದರು. ಬೈರಾಸಿನ ಮಾತನ್ನು ನಾನು ಎತ್ತುತ್ತೇನೆಂದು ಕಾಯುತ್ತಿದ್ದರು. ನಾನು ಎತ್ತಲಿಲ್ಲ. ಮತ್ತೊಬ್ಬ ಆಪರೇಟರಿಗೆ ತಿಳಿಸದೆ ಕೆಳಗಿಳಿದದ್ದು ಅವರದೇ ತಪ್ಪೆಂದು ವರದಿಯಾಯಿತು. ಅವರನ್ನು ಪ್ಯಾನೆಲ್‌ನಿಂದ ತೆಗೆದು ಗೇಟಿಗೆ ಹಾಕಿದರು.

ಆಮೇಲೆ ಬೀಗ ಬೇಕೆಂದು ಕಾರ್ಖಾನೆಯವರೇ ಕೇಳಿದರು. ಅರ್ಧ ದಿನದಲ್ಲಿ ಬರೆದೆ. ಈಗ ನಮ್ಮ ಬಾಸ್ ಪ್ರತಿ ಹೊಸ ಗಿರಾಕಿಗೂ ಅದನ್ನು ನಮ್ಮ ವಿಶೇಷವೆಂದು ತೋರಿಸುತ್ತಾರೆ. ಪಕ್ಕದಲ್ಲಿ ನಿಂತು ಅದನ್ನು ಒತ್ತಿ ತೋರಿಸುವವಳು ನಾನು.

ಆ ಬೀಗವನ್ನು ಕಾರ್ಖಾನೆಯಲ್ಲಿ ಹಾಕಲು ಹೋದ ದಿನ ಗೇಟಿನಲ್ಲಿ ಅವರೇ ಇದ್ದರು. ನನ್ನ ಹೆಸರನ್ನು ಎಡಗೈಯಲ್ಲಿ ನಿಧಾನವಾಗಿ ಪುಸ್ತಕದಲ್ಲಿ ಬರೆದುಕೊಂಡರು.

"ಎಂತ ಕೆಲಸ ಮೇಡಂ ಇವತ್ತು?"

"ಸ್ವಿಚ್ಚಿಗೆ ಲಾಕ್ ಹಾಕ್ಲಿಕ್ಕೆ."

"ಹಾಕಿದವನೇ ತೆಗೀಬೇಕಾ?"

"ಹೌದು."

"ಒಳ್ಳೇದಾಯ್ತು," ಎಂದು ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ಗೇಟು ತೆರೆದರು.

ಮ್ಯಾನೇಜರರ ಕೋಣೆ ದಾರಿಯಲ್ಲೇ ಇತ್ತು, ಬಾಗಿಲೂ ತೆರೆದಿತ್ತು. ಬೈರಾಸಿನ ಮಾತನ್ನು ಈಗಲಾದರೂ ಹೇಳಬಹುದಿತ್ತು. ನಾನು ಅದನ್ನು ದಾಟಿ ಪ್ಯಾನೆಲ್ ಕೋಣೆಗೆ ಹೋದೆ.