ಮುಳ್ಳಕ್ಕನ ಸರದಿ

ಬೆಳಗಿನ ಐದೂಮುಕ್ಕಾಲು. ಹದಿನೇಳನೇ ತಾಕಿನ ಬ್ಲ್ಯಾಕ್‌ಬೆರಿ ಪೊದೆಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಕಾಲಿನ ಒಡತಿ ಒಳಗೆ ಅಂಗಾತ ಮಲಗಿ, ಉದ್ದ ಹಿಡಿಯ ಕತ್ತರಿಯಿಂದ ಒಂದೊಂದೇ ಕಡ್ಡಿಯನ್ನು ಬುಡದಲ್ಲಿ ಕತ್ತರಿಸುತ್ತಿದ್ದಾರೆ. ಜೊತೆಗೆ ಪೊದೆಗೆ ಬೈಗುಳದ ಅರ್ಚನೆಯೂ ನಡೆದಿದೆ. "ನನ್ನ ತೋಳೇ ಬೇಕಾ ನಿಂಗೆ? ಬೇರೆ ಕೆಲ್ಸ ಇಲ್ವಾ? ಸಾಕು, ಬಿಡಪ್ಪಾ!"

ಇವರೇ ಮುಳ್ಳಕ್ಕ. ವಯಸ್ಸು ಐವತ್ನಾಲ್ಕು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಆ ಹೆಸರಿಟ್ಟು ಕರೆದರೆ ಅವರೇ ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಾರೆ.

ರೈಲುಹಳಿಯ ಹಿಂದಿನ ಈ ಸಾರ್ವಜನಿಕ ತೋಟದಲ್ಲಿ ಅರವತ್ತನಾಲ್ಕು ತಾಕುಗಳಿವೆ. ಮಣ್ಣಿನ ಆಸೆಯಿದ್ದೂ ಮೂರನೇ, ನಾಲ್ಕನೇ ಮಹಡಿಗಳಲ್ಲಿ ವಾಸಿಸುವವರು ಒಂದೊಂದು ತಾಕನ್ನು ಬಾಡಿಗೆಗೆ ಹಿಡಿದು ಟೊಮೆಟೊ, ಸೊಪ್ಪು, ಹೂವು ಬೆಳೆಯುತ್ತಾರೆ. ಎಂದೋ ಯಾರೋ ಹಣ್ಣಿನಾಸೆಗೆ ನೆಟ್ಟ ಬ್ಲ್ಯಾಕ್‌ಬೆರಿ ಮಾತ್ರ ಬಾಡಿಗೆಯಿಲ್ಲದೆ ಎಲ್ಲ ಕಡೆ ಬೀಡುಬಿಟ್ಟಿದೆ. ಕಡ್ಡಿ ಬಾಗಿ ತುದಿ ನೆಲಕ್ಕೆ ತಾಗಿದರೆ ಸಾಕು, ಅಲ್ಲೇ ಬೇರಿಳಿಸಿ ಹೊಸ ಸಂಸಾರ ಹೂಡುತ್ತದೆ. ಅದು ಬೇಲಿ ದಾಟಿ ಪಕ್ಕದವರ ತಾಕಿಗೆ ನುಗ್ಗಿದರೆ ತೋಟದ ಸಮಿತಿಯಿಂದ ನೋಟಿಸು ಬರುತ್ತದೆ. ಮೂವತ್ತು ದಿನದಲ್ಲಿ ಹಳೆಯ ಪೊದೆ ಕಿತ್ತು, ಅಂಕೆಯಲ್ಲಿರುವ ಗಿಡವೊಂದನ್ನು ಆ ಜಾಗದಲ್ಲಿ ನೆಟ್ಟಿರಬೇಕು. ಇಲ್ಲದಿದ್ದರೆ ಆ ತಾಕು, ತೋಟಕ್ಕಾಗಿ ಕಾಯುತ್ತಿರುವವರ ಪಟ್ಟಿಯಲ್ಲಿ ಮೊದಲಿರುವವರ ಪಾಲು. ನೋಟಿಸು ಬಂದವರೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡುವುದು ಮುಳ್ಳಕ್ಕನ ಬಳಿಗೆ.

ಹನ್ನೆರಡು ವರ್ಷಗಳ ಹಿಂದೆ ಇವರು ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿದ್ದರು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಗಂಡ ಕ್ಷೌರಿಕ, ಒಬ್ಬರ ದುಡಿಮೆಯಲ್ಲಿ ಮನೆ ನಡೆಯುವುದು ಕಷ್ಟವಾಯಿತು. ಅಂಥ ಹೊತ್ತಿನಲ್ಲಿ ನೆರೆಯಾಕೆಯೊಬ್ಬರು ತಮ್ಮ ತಾಕಿನ ಪೊದೆ ತೆಗೆಸಲು ಆಳು ಸಿಗದೆ ಗೋಳಾಡುತ್ತಿದ್ದರು. "ಮುಳ್ಳಿಗೆ ಹೆದರಿ ಯಾರೂ ಬರ್ತಿರ್ಲಿಲ್ಲ. ನಾನು ಹಳೇ ಸೋಫಾದ ಚರ್ಮ ಕತ್ತರಿಸಿ ಮೊಣಕೈವರೆಗೂ ಕೈಗವಸು ಹೊಲ್ಕೊಂಡು ಹೋದೆ. ಕಾರ್ಖಾನೆ ಮುಚ್ಚಿದ್ರೂ ಕಲಿತಿದ್ದು ಕೈ ಬಿಡ್ಲಿಲ್ಲ ನೋಡಿ" ಎನ್ನುತ್ತಾರೆ.

ಕಲಿಯುವುದು ಬೇಕಾದಷ್ಟಿತ್ತು. ಬ್ಲ್ಯಾಕ್‌ಬೆರಿಯ ಕಡ್ಡಿ ಮೊದಲ ವರ್ಷ ಹಸಿರಾಗಿ ಬೆಳೆಯುತ್ತದೆ, ಎರಡನೇ ವರ್ಷ ಕಂದುಬಣ್ಣಕ್ಕೆ ತಿರುಗಿ ಹಣ್ಣು ಕೊಟ್ಟು ಒಣಗುತ್ತದೆ. ಹಣ್ಣು ಕೊಟ್ಟದ್ದನ್ನು ತೆಗೆದು ಹಸಿರನ್ನು ಉಳಿಸಬೇಕು. ಕೆಲಸ ಹಿಡಿದ ಮೊದಲ ವರ್ಷ ಒಬ್ಬರ ಪೊದೆ ಸವರಲು ಹೋದ ಮುಳ್ಳಕ್ಕ ಮಾಡಿದ್ದು ಸರಿಯಾಗಿ ತಿರುಗುಮುರುಗು. "ದಪ್ಪಗಿದಾವೆ, ಅನುಭವಸ್ಥರು ಅಂತ ಹಿರಿಯರಿಗೆ ಮರ್ಯಾದೆ ಕೊಟ್ಟು, ಎಳೇವನ್ನೆಲ್ಲ ಕತ್ತರಿಸಿ ಹಾಕ್ದೆ. ಮುಂದಿನ ವರ್ಷ ಒಂದೇ ಒಂದು ಹಣ್ಣಿಲ್ಲ! ನಾಚಿಕೆಯಿಂದ ಅವ್ರ ಮನೆ ಬೀದೀಲಿ ಓಡಾಡೋದನ್ನೇ ಬಿಟ್ಟಿದ್ದೆ." ಅಂದಿನಿಂದ ಹಣ್ಣು ಬಿಟ್ಟಿರುವಾಗಲೇ ಆ ಕಡ್ಡಿಗಳಿಗೆ ಕೆಂಪು ದಾರ ಕಟ್ಟುತ್ತಾರೆ. ಕೊಯ್ಲು ಮುಗಿದ ಮೇಲೆ ಕೆಂಪು ದಾರದವಕ್ಕೆ ಮಾತ್ರ ಕತ್ತರಿ.

ಆದರೆ ಹದಿನೇಳನೆಯದು ದಾರಕ್ಕೆ ಬಗ್ಗುವ ಪೊದೆಯಲ್ಲ, ಬುಡಸಮೇತ ಹೋಗಬೇಕಾದದ್ದು. ದಿನಕ್ಕೆ ಹತ್ತು ತಳ್ಳುಗಾಡಿ ಕಡ್ಡಿ, ಒಂದು ಬುಡ ಕೀಳಲು ಹಾರೆ ಹಿಡಿದು ಎರಡು ಗಂಟೆ, ಕತ್ತರಿಗೆ ಮೂರು ಸಲ ಸಾಣೆ. ಗೇಣುದ್ದ ಬೇರು ಉಳಿದರೂ ಮತ್ತೆ ಚಿಗುರುತ್ತದೆ. ಪೊದೆಯೊಳಗಿಂದ ಈವರೆಗೆ ಎರಡು ಕುರ್ಚಿ, ಒಂದು ಸೈಕಲ್ಲು, ನೀರು ಹನಿಸುವ ಡಬ್ಬಿ, ಆಮೇಲೆ ಹಾರೆ, ಗುದ್ದಲಿ ಇಡುವ ಇಡೀ ಒಂದು ಹಲಗೆಯ ಗೂಡೇ ಹೊರಬಂದಿದೆ! ತಾಕು ಹಿಡಿದಿರುವ ನರ್ಸಮ್ಮನಿಗೆ ಆ ಗೂಡು ಇದ್ದದ್ದೇ ಮರೆತುಹೋಗಿತ್ತು. ಮಣಿಕಟ್ಟು ಮುರಿದು, ಮೇಲಿಂದ ಮೇಲೆ ರಾತ್ರಿ ಪಾಳಿ ಬಂದು ಅವರು ಎರಡು ವರ್ಷ ಇತ್ತ ತಲೆ ಹಾಕಿರಲಿಲ್ಲ. ಇಂದು ಗುರುವಾರ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆ.

ಏಳಕ್ಕೆ ನರ್ಸಮ್ಮ ಪಾಳಿ ಮುಗಿಸಿ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬರುತ್ತಾರೆ. ಬರುವ ದಾರಿಯಲ್ಲಿ ಗೇಟಿನ ಬಳಿಯ ಫಲಕದ ಮುಂದೆ ನಿಂತಿದ್ದಾರೆ, ಅಲ್ಲಿ ಕಾಯುವವರ ಪಟ್ಟಿ ಅಂಟಿಸಿದೆ. ಪೊದೆಯ ಹತ್ತಿರ ಬರುವಾಗ ಅವರ ಮುಖ ಸಪ್ಪಗಾಗಿದೆ.

"ಅಕ್ಕಾ, ಪಟ್ಟೀಲಿ ಮೊದಲ್ನೇ ಹೆಸ್ರು ನಿಮ್ಮದಾ?"

"ಹೂಂ."

"ಹಾಗಾದ್ರೆ ನನ್ನ ತೋಟ ಹೋದ್ರೆ... ನಿಮಗೇ ಬರೋದಾ?"

"ಹೂಂ. ಆ ಬೇರು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ, ಎಳೀತೀನಿ."

ನರ್ಸಮ್ಮ ಹಿಡಿದುಕೊಳ್ಳುತ್ತಾರೆ. ಬೇರು ಕಿತ್ತುಬಂದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದು, ಮಣ್ಣಿನಲ್ಲೇ ಕೂತು ನಗುತ್ತಾರೆ. ನಗುನಗುತ್ತಲೇ ನರ್ಸಮ್ಮನ ಕಣ್ಣು ತುಂಬುತ್ತದೆ.

ಮುಳ್ಳಕ್ಕ ಹೆಸರು ಬರೆಸಿ ಹನ್ನೊಂದು ವರ್ಷವಾಯಿತು. ಮೊದಲ ಸ್ಥಾನಕ್ಕೆ ಬಂದು ಆರು ವರ್ಷ. ಅಲ್ಲಿಂದಾಚೆ ಪಟ್ಟಿ ಕದಲಿಲ್ಲ, ಏಕೆಂದರೆ ಈ ತೋಟದಲ್ಲಿ ಜನ ತಾಕು ಕಳೆದುಕೊಳ್ಳುತ್ತಿದ್ದದ್ದು ಹೆಚ್ಚಾಗಿ ಬ್ಲ್ಯಾಕ್‌ಬೆರಿಯಿಂದ. ಈಗ ನೋಟಿಸು ಬಂದ ತಾಕನ್ನೆಲ್ಲ ಮುಳ್ಳಕ್ಕ ಉಳಿಸಿಕೊಡುತ್ತಾರೆ. ಕೆಲಸ ಚೆನ್ನಾಗಿ ಆದಷ್ಟೂ ಅವರ ಸರದಿ ದೂರವಾಗುತ್ತದೆ. ಇದುವರೆಗೆ ಉಳಿದ ತಾಕುಗಳು ನಲವತ್ತೊಂದು.

"ಒಂದು ವರ್ಷ ಸೊಂಟ ಹಿಡೀತು ಅಂತ ಮಲ್ಕೊಂಬಿಡೇ, ನಾಲ್ಕು ತೋಟ ಖಾಲಿಯಾಗುತ್ವೆ" ಎಂದು ಗಂಡ ದಿನವೂ ಕಿಚಾಯಿಸುತ್ತಾರೆ. "ನೀವೂ ಅರ್ಧ ತಲೆ ಕ್ಷೌರ ಮಾಡಿ ಕಳಿಸಿ, ಗಿರಾಕಿ ನಾಳೇನೂ ಬರ್ತಾನೆ" ಎಂಬುದು ಹೆಂಡತಿಯ ಉತ್ತರ.

ಮನೆಯ ಬಾಲ್ಕನಿಯಲ್ಲಿ ಬಣ್ಣದ ಡಬ್ಬಿಗಳ ಸಾಲಿದೆ. ಅವುಗಳಲ್ಲಿ ಮುಳ್ಳಿಲ್ಲದ ಬ್ಲ್ಯಾಕ್‌ಬೆರಿ, ಮುಳ್ಳಕ್ಕನೇ ಕಡ್ಡಿಯ ತುದಿ ಹೂತು ಮಾಡಿಕೊಂಡ ಸಸಿಗಳು. ತಂತಿಗೆ ಕಟ್ಟಿದರೆ ಹೇಳಿದ ಮಾತು ಕೇಳಿಕೊಂಡಿರುವ ಜಾತಿ. ಬಟ್ಟೆ ಒಣಗಿಸಲು ಜಾಗವಿಲ್ಲವೆಂದು ಮಗಳು ಮುಖ ಊದಿಸುತ್ತಾಳೆ. ಎರಡು ದೊಡ್ಡ ಸಸಿಗಳನ್ನು ಮಾತ್ರ ತಮ್ಮದೇ ತಾಕು ಸಿಕ್ಕ ದಿನ ನೆಡಲೆಂದು ಮುಳ್ಳಕ್ಕ ಮೂರು ವರ್ಷದಿಂದ ಜೋಪಾನ ಮಾಡಿದ್ದರು. ಶುಕ್ರವಾರ ಸಂಜೆ ನೋಡಿದರೆ ಉಳಿದ ಸಸಿಗಳು ತೀರಾ ಎಳೆಯವು, ಹದಿನೇಳನೇ ತಾಕಿನಲ್ಲಿ ನೆಟ್ಟರೆ ತಪಾಸಣೆಯಲ್ಲಿ ಒಪ್ಪುವಂತಿಲ್ಲ. ಮುಳ್ಳಕ್ಕ ಆ ದೊಡ್ಡ ಸಸಿಗಳ ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಾರೆ. ಸಂಕಟವಾಯಿತೇ ಎಂದರೆ, "ಆಗ್ದೆ ಇರುತ್ತಾ? ಮೂರು ವರ್ಷ ನೀರು ಹಾಕಿದೀನಿ" ಎಂದು ನೇರವಾಗಿ ಹೇಳುತ್ತಾರೆ.

ಶನಿವಾರ ಒಂಬತ್ತಕ್ಕೆ ಸರಿಯಾಗಿ ಸಮಿತಿಯ ಕಾರ್ಯದರ್ಶಿ ಬರುತ್ತಾರೆ. ನಿವೃತ್ತ ಲೆಕ್ಕದ ಮೇಷ್ಟ್ರು, ಎಲ್ಲವನ್ನೂ ಅಳೆಯುವ ಜಾಯಮಾನ. ಕೋಲಿನಿಂದ ಮಣ್ಣು ಕೆದಕುತ್ತಾರೆ, ಬೇಲಿಯುದ್ದಕ್ಕೂ ಬಗ್ಗಿ ನೋಡುತ್ತಾರೆ, ತಂತಿ ಎಳೆದು ಪರೀಕ್ಷಿಸುತ್ತಾರೆ. ನರ್ಸಮ್ಮ ಅವರ ಹಿಂದೆಯೇ ಹೆಜ್ಜೆ ಹಾಕುತ್ತಿದ್ದಾರೆ. ಬೇಲಿಯ ಮೂಲೆಯಲ್ಲಿ ಕಾರ್ಯದರ್ಶಿಯ ಕೋಲು ನಿಲ್ಲುತ್ತದೆ. ಅಲ್ಲಿ ಪಕ್ಕದ ತಾಕಿನೊಳಕ್ಕೆ ಹೊಸದಾಗಿ ಅಗೆದ ಗುಂಡಿಯಿದೆ. ಬೇಲಿಯಡಿ ನುಸುಳಿ ಆಚೆ ಹೋಗಿದ್ದ ಬೇರನ್ನೂ ಮುಳ್ಳಕ್ಕ ಬಿಟ್ಟಿಲ್ಲ!

ಕಾರ್ಯದರ್ಶಿ ಹಾಳೆಗೆ ಸಹಿ ಹಾಕಿ ಕನ್ನಡಕದ ಮೇಲಿಂದ ನೋಡುತ್ತಾರೆ. "ಅಲ್ರೀ, ಈ ಮೂಲೆ ಯಾರಿಗೂ ಕಾಣ್ತಿರ್ಲಿಲ್ಲ. ನೀವು ಅದನ್ನ ಬಿಟ್ಟಿದ್ರೆ ಮುಂದಿನ ವರ್ಷ ತೋಟ ನಿಮ್ಮದಾಗ್ತಿತ್ತು."

ಮುಳ್ಳಕ್ಕ ಕೈಗವಸು ಕಳಚಿ, ಬೆರಳಿಗೆ ಚುಚ್ಚಿಕೊಂಡಿದ್ದ ಮುಳ್ಳೊಂದನ್ನು ಹಲ್ಲಿನಿಂದ ತೆಗೆದು ಉಗಿಯುತ್ತಾರೆ.

"ನಂಗೂ ತೋಟ ಬೇಕು ಮೇಷ್ಟ್ರೇ, ಆಸೆ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಯಾರೋ ಮುಳ್ಳಿಗೆ ಸೋತು ಅಳ್ತಾ ಬಿಟ್ಟಿದ್ದು ಬೇಡ. ಬೆಳೆದಿದ್ದು ಸಾಕು, ಇನ್ನು ನೀವು ಬೆಳೀರಿ ಅಂತ ನಗ್ತಾ ಬೀಗದ ಕೈ ಕೊಡ್ಬೇಕು. ಅಂಥವ್ರು ಅರವತ್ನಾಲ್ಕರಲ್ಲಿ ಒಬ್ರಾದ್ರೂ ಇರ್ತಾರೆ."